ಡೋಂಗಲ್ ನನ್ನ ಹತ್ತಿರ, ಜೋಳದ ಕೋಣೆಯ ಕೀಲಿಕೈ ಅತ್ತೆಯ ಹತ್ತಿರ

ರೊಟ್ಟಿ ಕೇಂದ್ರ, ಪಂಚಾಯತಿ, ಮನೆ, ಮೂರನ್ನೂ ಹೇಗೆ ನಡೆಸಿದ್ರಿ ಎಂದು ಹೆಣ್ಣುಮಕ್ಕಳು ನನ್ನನ್ನು ಆಗಾಗ ಕೇಳುತ್ತಾರೆ. ಮೂರನ್ನೂ ನಾನೊಬ್ಬಳೇ ನಡೆಸಲಿಲ್ಲ. ಯಾವುದನ್ನು ನನ್ನ ಕೈಯಲ್ಲೇ ಇಟ್ಟುಕೊಳ್ಳಬೇಕು, ಯಾವುದನ್ನು ಪೂರ್ತಿ ಬಿಟ್ಟುಕೊಡಬೇಕು ಎಂದು ಮೊದಲೇ ಗಟ್ಟಿ ಮಾಡಿಕೊಂಡೆ.

ನಮ್ಮದು ವಿಜಯಪುರ ಜಿಲ್ಲೆ, ಬಸವನ ಬಾಗೇವಾಡಿ ತಾಲ್ಲೂಕು, ಡೋಣಿ ಹೊಳೆಯ ಕಡೆಯ ಹಳ್ಳಿ. ಎರೆಭೂಮಿ, ಹಿಂಗಾರಿ ಬಿಳಿಜೋಳ. ಓಣಿಯ ಹೆಣ್ಣುಮಕ್ಕಳು ಸೇರಿ ಕಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತಿದ್ದೆವು. 2020ರ ಡಿಸೆಂಬರ್‌ನಲ್ಲಿ ಪಂಚಾಯತಿ ಚುನಾವಣೆಗೆ ನಿಂತು ಗೆದ್ದೆ. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿತ್ತು. 30 ತಿಂಗಳ ಆ ಅವಧಿ ನನ್ನ ಪಾಲಿಗೆ ಬಂತು.

ಮೊದಲು ಬಿಟ್ಟುಕೊಟ್ಟದ್ದು ರೊಟ್ಟಿ ಕೇಂದ್ರವನ್ನು. ಇದು ಸಣ್ಣ ಕೆಲಸವಲ್ಲ. ಜೋಳವನ್ನು ಸುಗ್ಗಿಯಲ್ಲೇ ಕೊಂಡು ತುಂಬಿಡಬಹುದು, ಹಿಟ್ಟನ್ನು ಹಾಗೆ ಇಡಲಾಗದು. ಹಳೆಯದಾದರೆ ಜಿಗಿ ಹೋಗುತ್ತದೆ, ಬಡಿಯುವಾಗ ರೊಟ್ಟಿಯ ಅಂಚು ಸೀಳುತ್ತದೆ. ಜೋಳಕ್ಕೆ ಗೋಧಿಯ ಹಾಗೆ ಅಂಟು ಇಲ್ಲ. ಕುದಿಯುವ ಎಸರು ಹಾಕಿ ನಾದಿದರೇನೇ ಹಿಟ್ಟು ಕೂಡುವುದು. ಬೇಯಿಸಿದ ಮೇಲೆ ಪೂರ್ತಿ ಒಣಗಬೇಕು, ಸ್ವಲ್ಪ ತೇವ ಉಳಿದರೂ ಬೂಸಲು ಹಿಡಿಯುತ್ತದೆ. ಇದೆಲ್ಲ ನನಗಿಂತ ಜಾಸ್ತಿ ಗೊತ್ತಿದ್ದದ್ದು ನಮ್ಮ ಅತ್ತೆಗೆ. ಹಾಗಾಗಿ ಜೋಳದ ಕೋಣೆಯ ಕೀಲಿಕೈ ಅವರಿಗೆ ಕೊಟ್ಟೆ, ದುಡ್ಡಿನ ಲೆಕ್ಕದ ಸಮೇತ. ಯಾರಿಗೆ ಎಷ್ಟು ಕೂಲಿ, ಯಾವ ಆರ್ಡರ್ ಹಿಡಿಯಬೇಕು, ಯಾವುದು ಬೇಡ, ಎಲ್ಲ ಅವರದೇ ಮಾತು. ಸಂಜೆ ಬಂದು ತಪ್ಪು ಹುಡುಕುತ್ತಾ ಕೂತರೆ ಕೊಟ್ಟ ಹಾಗೆ ಆಗುವುದಿಲ್ಲ ಅಲ್ವಾ? ಒಮ್ಮೆ ದೊಡ್ಡ ಮದುವೆಯ ಆರ್ಡರ್ ಬಂತು. "ಮಳಿಗಾಲದಾಗ ರೊಟ್ಟಿ ಆರೂದಿಲ್ಲವ್ವಾ, ಹೆಸರು ಕೆಡ್ತದ" ಎಂದು ಅತ್ತೆ ಬೇಡ ಅಂದರು. ನಾನಾಗಿದ್ದರೆ ಹಿಡಿಯುತ್ತಿದ್ದೆ. ಆದರೂ ಒಂದು ಮಾತೂ ಆಡಲಿಲ್ಲ.

ಇಟ್ಟುಕೊಂಡದ್ದು ಡೋಂಗಲ್. ಪಂಚಾಯತಿಯ ಹಣ ಪಾವತಿಗೆ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಮತ್ತು ಅಧ್ಯಕ್ಷರು ಇಬ್ಬರೂ ಡಿಜಿಟಲ್ ಸಹಿ ಹಾಕಬೇಕು. ಆ ಸಹಿ ಇರುವುದು ಪೆನ್ ಡ್ರೈವ್‌ನಂಥ ಸಣ್ಣ ವಸ್ತುವಿನಲ್ಲಿ. ಅದೂ ಅದರ ಪಾಸ್‌ವರ್ಡೂ ಯಾರ ಹತ್ತಿರ ಇದೆಯೋ ಅಧಿಕಾರ ಅವರದ್ದೇ. ನಮ್ಮ ರಾಜ್ಯದಲ್ಲಿ 2010ರಿಂದ ಪಂಚಾಯತಿಯ ಅರ್ಧ ಸೀಟು ಹೆಣ್ಣುಮಕ್ಕಳಿಗೆ. ಆದರೂ ಎಷ್ಟೋ ಕಡೆ ಬೋರ್ಡಿನ ಮೇಲೆ ಹೆಂಡತಿಯ ಹೆಸರು, ಡೋಂಗಲ್ ಗಂಡನ ಜೇಬಿನಲ್ಲಿ. ಇದನ್ನು ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನಮ್ಮ ಮನೆಯವರಿಗೆ ಮೊದಲ ದಿನವೇ ಹೇಳಿದೆ: "ಗಾಡಿ ಮ್ಯಾಲೆ ಬಿಟ್ಟು ಹೋಗ್ರಿ, ಒಳಗ ಮಾತ್ರ ಬರಬ್ಯಾಡ್ರಿ." ಅವರು ಬರಲಿಲ್ಲ. ಕೆಲಸ ಹಿಡಿದುಕೊಂಡು ಮನೆಗೆ ಬಂದವರಿಗೆಲ್ಲ "ಆಕೀನ್ನ ಕೇಳ್ರಿ" ಅನ್ನುವುದನ್ನು ರೂಢಿ ಮಾಡಿಕೊಂಡರು. ಆ ಒಂದು ಮಾತಿನಿಂದ ನನಗಾದ ಉಪಕಾರ ಬಹಳ ದೊಡ್ಡದು.

ಅಧಿಕಾರ ಬಂದು ಸ್ವಲ್ಪ ದಿನಕ್ಕೇ ಕೊರೊನಾದ ಎರಡನೇ ಅಲೆ. ಹಳ್ಳಿಯ ಟಾಸ್ಕ್ ಫೋರ್ಸ್‌ಗೆ ಪಂಚಾಯತಿ ಅಧ್ಯಕ್ಷರೇ ಮುಂದಾಳು. ಆಶಾ ಕಾರ್ಯಕರ್ತೆಯರ ಜೊತೆ ಮನೆ ಮನೆ ತಿರುಗಿದೆವು. ಆ ವರ್ಷವೇ ಮಗಳ ಎಸ್ಸೆಸ್ಸೆಲ್ಸಿ. ಪರೀಕ್ಷೆ ಜುಲೈಗೆ ಹೋಯಿತು, 19 ಮತ್ತು 22, ಎರಡೇ ದಿನ. ರಾತ್ರಿ ಎಂಟರಿಂದ ಒಂಬತ್ತೂವರೆವರೆಗೆ ನನ್ನ ಫೋನ್ ನಮ್ಮ ಮನೆಯವರ ಹತ್ತಿರ ಇರುತ್ತಿತ್ತು. ಜೀವದ ಪ್ರಶ್ನೆ ಇದ್ದರೆ ಮಾತ್ರ ನನ್ನನ್ನು ಕರೆಯಬೇಕು. ಗಣಿತ ಹೇಳಿಕೊಡಲು ನನಗೆ ಬರುವುದಿಲ್ಲ. ಆದರೂ ಪಕ್ಕದಲ್ಲಿ ಕೂತಿರುತ್ತಿದ್ದೆ, ಅವಳಿಗೆ ಬೇಕಾಗಿದ್ದದ್ದೂ ಅಷ್ಟೇ. ಊರವರು ನಿಧಾನಕ್ಕೆ ಆ ಹೊತ್ತಿಗೆ ಫೋನ್ ಮಾಡುವುದನ್ನು ಬಿಟ್ಟರು.

ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಂದ ಪಂಚಾಯತಿಗೆ ಒಂದು ದೊಡ್ಡ ಲಾಭವಾಯಿತು. ಮಹಿಳಾ ಗ್ರಾಮಸಭೆಗೆ ಹೆಣ್ಣುಮಕ್ಕಳು ಬರುವುದಿಲ್ಲ ಎಂದು ಎಲ್ಲರೂ ದೂರುತ್ತಿದ್ದರು. ಸಭೆ ಇಡುತ್ತಿದ್ದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಯಾರು ಬರುತ್ತಾರೆ? ಅರ್ಧ ಜನ ಹೊಲದಲ್ಲಿ, ಅರ್ಧ ಜನ ಒಲೆಯ ಮುಂದೆ. ಕೇಂದ್ರದಲ್ಲಿ ಕೇಳಿದಾಗ "ಊಟ ಆದಮ್ಯಾಲೆ ಇಡ್ರಿ ಅಕ್ಕಾರ" ಅಂದರು. ಮಧ್ಯಾಹ್ನ ಎರಡೂವರೆಗೆ ಇಟ್ಟೆವು. ಸಮುದಾಯ ಭವನ ತುಂಬಿತು. ಅವರು ಕೇಳಿದ್ದು ಬೀದಿ ದೀಪ, ಶೌಚಾಲಯಕ್ಕೆ ನೀರು, ಎಲ್ಲಕ್ಕಿಂತ ಹೆಚ್ಚಾಗಿ ಉದ್ಯೋಗ ಖಾತ್ರಿಯ ಕೆಲಸ. ಖಾತ್ರಿಯಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ, 2022-23ರಲ್ಲಿ ದಿನಕ್ಕೆ 309 ರೂಪಾಯಿ. ಹೊಲದ ಕೆಲಸದಲ್ಲಿ ಗಂಡಸರಿಗಿಂತ ಕಡಿಮೆ ಎಣಿಸಿಕೊಂಡು ಬರುವವರಿಗೆ ಇದರ ಬೆಲೆ ಏನೆಂದು ಬೇರೆ ಹೇಳಬೇಕಿಲ್ಲ. ರೊಟ್ಟಿಯ ಆರ್ಡರ್ ಕಡಿಮೆ ಇರುವ ತಿಂಗಳುಗಳಲ್ಲಿ ನಮ್ಮವರೂ ಬದು ಹಾಕುವ ಕೆಲಸಕ್ಕೆ ಹೋದರು. ಕಾಯಕ ಬಂಧುಗಳಾಗಿಯೂ, ಅಂದರೆ ಖಾತ್ರಿ ಕೂಲಿಕಾರರ ಗುಂಪಿನ ಮೇಲ್ವಿಚಾರಕರಾಗಿಯೂ, ಹೆಣ್ಣುಮಕ್ಕಳನ್ನೇ ಮುಂದೆ ತಂದೆವು.

ಅವಧಿ 2023ರಲ್ಲಿ ಮುಗಿಯಿತು. ಕೇಂದ್ರದ ಲೆಕ್ಕ ಈಗಲೂ ಅತ್ತೆಯದೇ, ವಾಪಸ್ ಕೇಳುವ ಮನಸ್ಸು ನನಗಿಲ್ಲ. ಪಕ್ಕದ ಊರುಗಳ ಸದಸ್ಯೆಯರು ಬಂದರೆ ಮೊದಲು ಸಭೆಯ ತೀರ್ಮಾನ ಬರೆದಿಡುವ ನಡಾವಳಿ ಪುಸ್ತಕ ಓದುವುದನ್ನು ಹೇಳಿಕೊಡುತ್ತೇನೆ. ಠರಾವು ಬರೆದು ಮುಗಿಯುವ ಮೊದಲು ಸಹಿ ಹಾಕಬೇಡಿ, ನಡುವೆ ಖಾಲಿ ಜಾಗ ಇದ್ದರೆ ಗೆರೆ ಎಳೆಸಿ, ಅರ್ಥವಾಗದಿದ್ದರೆ ಪಿಡಿಒ ಅವರಿಂದ ಗಟ್ಟಿಯಾಗಿ ಓದಿಸಿ ಅನ್ನುತ್ತೇನೆ. ಹೊತ್ತಾಗುತ್ತದೆ ಎಂದು ಯಾರಾದರೂ ಗೊಣಗಿದರೆ ಗೊಣಗಲಿ.