ವಿಮೆ ಮೊಬೈಲಿನಲ್ಲೇ ಮಾಡಿ, ಆದರೆ ಎದುರು ಕೂತು ಮಾಡಿ

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಈಗ ವಿಮೆ ಮಾಡಿಸುವುದು ಹತ್ತು ನಿಮಿಷದ ಕೆಲಸ. ಏಜೆಂಟ್ ಮನೆಗೆ ಬರುತ್ತಾನೆ, ಆಧಾರ್ ಕಾರ್ಡಿನ ಫೋಟೋ ಹೊಡೆದುಕೊಳ್ಳುತ್ತಾನೆ, "ಓಟಿಪಿ ಬಂದೈತಿ ನೋಡ್ರಿ, ಹೇಳ್ರಿ" ಅನ್ನುತ್ತಾನೆ. ಮುಗಿಯಿತು. ತೊಂದರೆ ಗೊತ್ತಾಗುವುದು ಒಂದೆರಡು ವರ್ಷ ಕಳೆದ ಮೇಲೆ, ಆಸ್ಪತ್ರೆಯಲ್ಲೋ ಸಾವಿನ ಮನೆಯಲ್ಲೋ. ಆಗ ನೋಡಿದರೆ ಪಾಲಿಸಿಯಲ್ಲಿರುವ ಮೊಬೈಲ್ ನಂಬರ್ ಏಜೆಂಟನದು, ಇ-ಮೇಲ್ ಯಾರದೋ, ಎಷ್ಟೋ ವರ್ಷದಿಂದ ಶುಗರ್ ಗುಳಿಗೆ ನುಂಗುತ್ತಿರುವವರ ಹೆಸರಿನ ಮುಂದೆ 'ಯಾವ ಕಾಯಿಲೆಯೂ ಇಲ್ಲ' ಅಂತ ಬಿದ್ದಿರುತ್ತದೆ. ಏಜೆಂಟಿಗೆ ಫೋನ್ ಮಾಡಿದರೆ "ಆ್ಯಪ್‌ನಾಗ ಹಾಕ್ರಿ" ಅನ್ನುತ್ತಾನೆ.

ಮಾರುವಾಗ ಮನೆಗೆ ಬರುವುದು, ಕ್ಲೇಮ್ ಬಂದಾಗ ಆ್ಯಪ್ ತೋರಿಸುವುದು. ಇದು ಪೂರ್ತಿ ಉಲ್ಟಾ. ಹಣ ಕಟ್ಟುವುದು, ಪ್ರತಿ ಇಡುವುದು, ನೆನಪಿಸುವುದು, ಅರ್ಜಿ ಎಲ್ಲಿದೆ ಅಂತ ನೋಡುವುದು, ಇವನ್ನೆಲ್ಲ ಮೊಬೈಲ್ ಚೆನ್ನಾಗಿ ಮಾಡುತ್ತದೆ. ಪ್ರಶ್ನೆ ಕೇಳುವುದು, ಬಿಡಿಸಿ ಹೇಳುವುದು, ಕಷ್ಟದಲ್ಲಿ ಜೊತೆಗೆ ನಿಲ್ಲುವುದು ಮನುಷ್ಯರ ಕೆಲಸ. ಹೊಸದಾಗಿ ಏಜೆನ್ಸಿ ತಗೊಂಡವರು, ಎಲ್‌ಐಸಿಯ ಮಹಿಳಾ ಏಜೆಂಟ್ ಯೋಜನೆಯಲ್ಲಿ ಬಿಮಾ ಸಖಿಯಾಗಿ ಸೇರಿದ ಹೆಣ್ಣುಮಕ್ಕಳು, ತಾಲ್ಲೂಕು ಊರಲ್ಲಿ ಸಣ್ಣ ವಿಮೆ ಆಫೀಸು ಇಟ್ಟವರು ಈ ಎರಡನ್ನೂ ಹೇಗೆ ಜೋಡಿಸಬೇಕು ಅಂತ ಮುಂದೆ ಬರೆದಿದ್ದೇನೆ. ಪಾಲಿಸಿ ಕೊಳ್ಳುವವರೂ ಓದಿ. ಏಜೆಂಟನಿಂದ ಏನೇನು ಕೇಳಿ ಪಡೆಯಬೇಕು ಅಂತ ಗೊತ್ತಾಗುತ್ತದೆ.

ಮೊದಲು: ನಂಬರ್ ಯಾರದು?

ಪಾಲಿಸಿಗೆ ಹಾಕುವ ನಂಬರ್ ಪಾಲಿಸಿದಾರರದ್ದೇ ಆಗಿರಬೇಕು. "ನಮ್ಮ ಮನಿಯಾಕಿಗೆ ಫೋನ್ ಇಲ್ರಿ, ನಿಮ್ದ ಹಾಕ್ರಿ" ಅಂದರೂ ನಿಮ್ಮದು ಹಾಕಬೇಡಿ. ಓಟಿಪಿಗೆ ಕೀಪ್ಯಾಡ್ ಫೋನ್ ಸಾಕು. ಅದೂ ಇಲ್ಲದಿದ್ದರೆ ಅದೇ ಮನೆಯಲ್ಲಿ ಇರುವ ಗಂಡನದೋ ಮಗಳದೋ ನಂಬರ್ ಹಾಕಿ, ಯಾರದು ಅಂತ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ.

ದೇವದುರ್ಗ, ಲಿಂಗಸುಗೂರು ಕಡೆಯವರಿಗೆ ಇನ್ನೊಂದು ಮಾತು. ಬೆಂಗಳೂರಿಗೆ ಗುಳೆ ಹೋದವರು ಅಲ್ಲಿ ಹೊಸ ಸಿಮ್ ತಗೋತಾರೆ, ಹಳೆಯದು ರೀಚಾರ್ಜ್ ಇಲ್ಲದೆ ನಿಂತು ಹೋಗುತ್ತದೆ, ಕಂಪನಿಯ ಮೆಸೇಜುಗಳೆಲ್ಲ ಆ ಸತ್ತ ನಂಬರಿಗೇ ಹೋಗುತ್ತಿರುತ್ತವೆ. ಹಾಗಾಗಿ ಊರಲ್ಲೇ ಇರುವ ಒಬ್ಬರ ನಂಬರ್ ಕೂಡ ನಿಮ್ಮ ಹತ್ತಿರ ಇರಲಿ.

ಇ-ಮೇಲ್ ಇಲ್ಲದವರಿಗೆ ತಾವೇ ಒಂದು ಹುಟ್ಟುಹಾಕಿ ಪಾಸ್‌ವರ್ಡ್ ತಮ್ಮ ಹತ್ತಿರ ಇಟ್ಟುಕೊಳ್ಳುವ ಏಜೆಂಟರು ಇದ್ದಾರೆ. ಪಾಲಿಸಿ ಆ ಇ-ಮೇಲಿಗೆ ಬಂದು ಬೀಳುತ್ತದೆ, ಯಾರೂ ನೋಡುವುದಿಲ್ಲ. ಇದು ಬೇಡವೇ ಬೇಡ.

ಎರಡು: ಕೂರುವ ಜಾಗ

ನಿಮ್ಮ ಊರಿನ ಸಂತೆ ದಿನ ತಪ್ಪದೆ ಒಂದೇ ಜಾಗದಲ್ಲಿ ಕೂತಿರಿ. ದೊಡ್ಡ ಬೋರ್ಡು ಬೇಡ, ಎರಡು ಕುರ್ಚಿ ಮತ್ತು ನೆರಳು ಸಾಕು.

ಮೂರು: ಅರ್ಜಿ ತುಂಬುವುದು

ಜನ ಕೆಡಿಸುವುದು ಇಲ್ಲೇ. ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಲು ಮೊಬೈಲ್ ತೆಗೆಯಬೇಡಿ. ಒಂದು ಹಾಳೆ, ಪೆನ್ನು ತಗೊಳ್ಳಿ. ಆ್ಯಪ್ ತೆರೆದ ಕೂಡಲೇ ಕೈ ತಾನಾಗಿ 'ಇಲ್ಲ, ಇಲ್ಲ, ಇಲ್ಲ' ಅಂತ ಒತ್ತುತ್ತಾ ಹೋಗುತ್ತದೆ. ಎಷ್ಟೋ ಆ್ಯಪ್‌ಗಳಲ್ಲಿ 'ಎಲ್ಲದಕ್ಕೂ ಇಲ್ಲ' ಅಂತ ಒಂದೇ ಬಟನ್ ಬೇರೆ ಇರುತ್ತದೆ. ಆ ಬಟನ್ ಮುಟ್ಟಲೇಬೇಡಿ. ಮೊದಲು ಹಾಳೆಯಲ್ಲಿ ಬರೆದುಕೊಂಡು ಆಮೇಲೆ ಮೊಬೈಲಿಗೆ ಏರಿಸಿ.

"ಏನಾದ್ರೂ ಕಾಯಿಲೆ ಐತೇನ್ರಿ?" ಅಂತ ಕೇಳಿದರೆ ಎಲ್ಲರೂ ಇಲ್ಲ ಅಂತಲೇ ಹೇಳುತ್ತಾರೆ. ಸುಳ್ಳು ಹೇಳಬೇಕು ಅಂತ ಅಲ್ಲ. ಬಿಪಿ, ಶುಗರ್ ಅಂದರೆ ನಮ್ಮ ಜನಕ್ಕೆ ಕಾಯಿಲೆ ಅಂತ ಅನಿಸುವುದೇ ಇಲ್ಲ, ಹಾಸಿಗೆ ಹಿಡಿದರೆ ಮಾತ್ರ ಕಾಯಿಲೆ. ಅದಕ್ಕೇ ಪ್ರಶ್ನೆ ಬದಲಿಸಿ. "ಅಕ್ಕಾರ, ದಿನಾ ಯಾವ ಗುಳಿಗಿ ತಗೋತೀರಿ? ಸ್ವಲ್ಪ ತಂದು ತೋರಿಸ್ರಿ" ಅನ್ನಿ. ಒಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ಬರುತ್ತದೆ. ಮೆಟ್‌ಫಾರ್ಮಿನ್ ಇದ್ದರೆ ಸಾಮಾನ್ಯವಾಗಿ ಶುಗರ್, ಆಮ್ಲೊಡಿಪಿನ್ ಇದ್ದರೆ ಬಿಪಿ, ಥೈರಾಕ್ಸಿನ್ ಇದ್ದರೆ ಥೈರಾಯ್ಡ್. ಗೊತ್ತಾಗದಿದ್ದರೆ ಚೀಟಿಯ ಫೋಟೋ ತೆಗೆದು ಔಷಧಿ ಅಂಗಡಿಯಲ್ಲಿ ಕೇಳಿ, ನೀವೇ ಊಹಿಸಬೇಡಿ. ಆಮೇಲೆ "ಯಾವಾಗರ ಆಸ್ಪತ್ರೆಯಾಗ ಮಲಗಿದ್ರಾ?" ಅಂತ ಕೇಳಿ. ರಾಯಚೂರಿನ ರಿಮ್ಸ್ ಆಗಲಿ, ಬಳ್ಳಾರಿಯ ವಿಮ್ಸ್ (ಈಗಿನ ಬಿಎಂಸಿಆರ್‌ಸಿ) ಆಗಲಿ, ಡಿಸ್ಚಾರ್ಜ್ ಚೀಟಿ ಇದ್ದರೆ ನೋಡಿ. ಹೆಣ್ಣುಮಕ್ಕಳಿಗೆ ಗರ್ಭಕೋಶದ ಆಪರೇಷನ್ ಆಗಿದ್ದರೆ ಗಂಡಸರ ಎದುರು ಹೇಳಲು ಹಿಂಜರಿಯುತ್ತಾರೆ. ಬಿಮಾ ಸಖಿಯರಿಗೆ ಇಲ್ಲಿ ಕೆಲಸ ಹಗುರ. ಗಂಡಸು ಏಜೆಂಟರು ಮನೆಯ ಹಿರಿಯ ಹೆಣ್ಣುಮಗಳ ಮೂಲಕ ಕೇಳಿಸಿ.

ತಂಬಾಕಿನದೂ ಇದೇ ಕಥೆ. ಬೀಡಿ, ಸಿಗರೇಟು ಸೇದಲ್ಲ ಅಂದ ಮಾತ್ರಕ್ಕೆ 'ಇಲ್ಲ' ಒತ್ತಬೇಡಿ. ಗುಟ್ಕಾ, ಎಲೆಅಡಿಕೆ ಜೊತೆಗಿನ ತಂಬಾಕು, ಕಡ್ಡಿಪುಡಿ ಎಲ್ಲವನ್ನೂ ಹೆಸರು ಹಿಡಿದು ಕೇಳಿ.

ಕೆಲಸ ಏನು ಅಂತ ಇರುವ ಕಡೆ ಎಲ್ಲರಿಗೂ 'ಕೃಷಿ' ಹಾಕುವ ಚಟ ಬಿಡಿ. ಸಂಡೂರಿನಲ್ಲಿ ಗಣಿ ಲಾರಿ ಓಡಿಸುವವರು, ಹಟ್ಟಿಯಲ್ಲಿ ನೆಲದಡಿ ಇಳಿಯುವವರು, ಕುಷ್ಟಗಿ ಕಡೆ ಗ್ರಾನೈಟ್ ಕ್ವಾರಿಯಲ್ಲಿ ದುಡಿಯುವವರು ಕೃಷಿಕರಲ್ಲ. ಎರಡೆಕರೆ ಹೊಲ ಇದ್ದರೂ ಅನ್ನ ಹುಟ್ಟುವ ಕೆಲಸ ಯಾವುದೋ ಅದನ್ನೇ ಬರೆಯಿರಿ. ಅಪಘಾತ ವಿಮೆಯಲ್ಲಂತೂ ಕೆಲಸದ ಮೇಲೆ ದರ ನಿಂತಿರುತ್ತದೆ.

ಹೆಸರು, ಹುಟ್ಟಿದ ದಿನ ನೋಡಿ. ಆಧಾರ್‌ನಲ್ಲಿ ಒಂದು ಸ್ಪೆಲಿಂಗು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು ಇರುವುದು ನಮ್ಮಲ್ಲಿ ಮಾಮೂಲು. ಬಸವರಾಜ ಅನ್ನುವ ಹೆಸರಿನ ಇಂಗ್ಲಿಷ್ ಕೊನೆಗೆ ಒಂದು ಅಕ್ಷರ ಹೆಚ್ಚಾದರೂ ಹಣ ಬರುವಾಗ ಓಡಾಟ ತಪ್ಪುವುದಿಲ್ಲ. ಈಗಲೇ ತಿದ್ದಿಸಿ, ಆಮೇಲೆ ಪಾಲಿಸಿ ಮಾಡಿ. ನಾಮಿನಿ ಹೆಸರು ಬರೆಯುವಾಗ ಮದುವೆಗೆ ಮುಂಚಿನ ಪಾಲಿಸಿಗಳಲ್ಲಿ ತಾಯಿ ಹೆಸರೇ ಉಳಿದಿದೆಯಾ ಅಂತಲೂ ಕೇಳಿ. ನಾಮಿನಿ ಚಿಕ್ಕ ಮಗು ಆದರೆ, ಅದರ ಪರವಾಗಿ ಹಣ ಪಡೆಯುವ ದೊಡ್ಡವರ ಹೆಸರೂ ಬೇಕು.

ಇಷ್ಟೆಲ್ಲ ನಿಜ ಬರೆದರೆ ಪಾಲಿಸಿ ಸಿಗುವುದಿಲ್ಲ ಅನ್ನುವ ಹೆದರಿಕೆ ಏಜೆಂಟರಿಗೇ ಜಾಸ್ತಿ. ಬಹಳ ಸಲ ಸಿಗುತ್ತದೆ. ಕಂತು ಸ್ವಲ್ಪ ಏರಬಹುದು. ಆರೋಗ್ಯ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ (ಆ ಕಾಯಿಲೆಗೆ ಕ್ಲೇಮ್ ಸಿಗದ ಕಾಲ) ಈಗ 3 ವರ್ಷಕ್ಕಿಂತ ಜಾಸ್ತಿ ಇರುವಂತಿಲ್ಲ. ಮುಚ್ಚಿಟ್ಟರೆ? ಜೀವ ವಿಮೆಯನ್ನು ಮೊದಲ 3 ವರ್ಷದೊಳಗೆ ಕಂಪನಿ ಪ್ರಶ್ನೆ ಮಾಡಬಹುದು, ವಿಮಾ ಕಾಯ್ದೆಯ 45ನೇ ಕಲಮು ಹೇಳುವುದು ಅದನ್ನೇ. ಆರೋಗ್ಯ ವಿಮೆಗೆ ಈ ಅವಧಿ 5 ವರ್ಷ, ಮೋಸ ಅಂತ ಸಾಬೀತಾದರೆ ಅದರ ಆಚೆಗೂ ಬಿಡುವುದಿಲ್ಲ. ಒಂದು 'ಇಲ್ಲ' ಒತ್ತಿದ್ದಕ್ಕೆ ವಿಧವೆಯೊಬ್ಬಳು ವರ್ಷಗಟ್ಟಲೆ ಅಲೆಯುವುದನ್ನು ನೋಡಿದವರಿಗೆ ಇದು ಸಣ್ಣ ವಿಷಯ ಅಂತ ಅನಿಸುವುದಿಲ್ಲ.

ಈಗ ಮೊಬೈಲ್ ತೆಗೆಯಿರಿ. ಸ್ಕ್ರೀನನ್ನು ಅವರ ಕಡೆ ತಿರುಗಿಸಿ, ಒಂದೊಂದು ಉತ್ತರವನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ತೆಲುಗು, ರಾಯಚೂರು ಪೇಟೆಯಲ್ಲಿ ಉರ್ದು ಬೇಕಾಗಬಹುದು, ನಿಮಗೆ ಬಾರದಿದ್ದರೆ ಬರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಓಟಿಪಿ ಬಂದಾಗ ಕಸಿದುಕೊಂಡು ನೋಡಬೇಡಿ. ಕಾಗದದ ಅರ್ಜಿಯಲ್ಲಿ ಸಹಿ ಮಾಡುತ್ತಿದ್ದ ಜಾಗದಲ್ಲಿ ಈಗ ಓಟಿಪಿ ಇದೆ, ಅದನ್ನು ಹೇಳಿದರೆ ಮೇಲಿನದೆಲ್ಲ ಒಪ್ಪಿದ ಹಾಗೆ ಅಂತ ಬಿಡಿಸಿ ಹೇಳಿ. ಆಮೇಲೆ ಅವರೇ ಓದಲಿ, ಇಲ್ಲ ಅವರ ಮಕ್ಕಳು ಓದಲಿ.

ಪಾಲಿಸಿ ಕೊಡುವ ಮುಂಚೆ ಕಂಪನಿಯಿಂದ ಒಂದು ಕರೆ ಬರಬಹುದು. "ಎಲ್ಲಾದಕ್ಕೂ ಹೂಂ ಅನ್ರಿ" ಅಂತ ಹೇಳಿಕೊಡುವುದು ಏಜೆಂಟ್ ಮಾಡುವ ದೊಡ್ಡ ದ್ರೋಹ. "ಕನ್ನಡದಲ್ಲಿ ಮಾತಾಡ್ರಿ ಅಂತ ಕೇಳ್ರಿ, ಗೊತ್ತಾಗದಿದ್ರೆ ಗೊತ್ತಾಗಿಲ್ಲ ಅನ್ರಿ" ಅಂತ ಹೇಳಿಕೊಡಿ.

ಹಣ ಅವರ ಖಾತೆಯಿಂದ ನೇರ ಕಂಪನಿಗೆ ಹೋಗಲಿ, ನಿಮ್ಮ ಫೋನ್‌ಪೇಗೆ ಬೇಡ. "ಮೊದಲ ಕಂತು ನಾನೇ ಕಟ್ತೀನಿ" ಅನ್ನುವ ಆಸೆ ತೋರಿಸುವುದು ವಿಮಾ ಕಾಯ್ದೆಯ 41ನೇ ಕಲಮಿನ ಪ್ರಕಾರ ತಪ್ಪು, 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಇನ್ನು ಆಧಾರ್ ಫೋಟೋಗಳನ್ನು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಂಚಬೇಡಿ, ಕೆಲಸ ಆದ ದಿನವೇ ಅಳಿಸಿ. ಕೆಲವು ಪುಕ್ಕಟೆ ಸ್ಕ್ಯಾನ್ ಆ್ಯಪ್‌ಗಳು ಪ್ರತಿ ಹಾಳೆಯ ಮೇಲೂ ತಮ್ಮ ಹೆಸರು ಒತ್ತುತ್ತವೆ, ಅಂಥ ಪ್ರತಿ ಎಷ್ಟೋ ಸಲ ವಾಪಸ್ ಬರುತ್ತದೆ. ಬಸ್ ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯ ಸ್ಕ್ಯಾನೇ ಸಾವಿರ ಪಾಲು ವಾಸಿ.

ನಾಲ್ಕು: ಪಾಲಿಸಿ ಕೈಗೆ ಕೊಡುವುದು

2024ರ ಏಪ್ರಿಲ್‌ನಿಂದ ಪಾಲಿಸಿಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಕೊಡುವುದು ಕಂಪನಿಗಳಿಗೆ ಕಡ್ಡಾಯ. ಕಾಗದ ಬೇಕು ಅಂದರೆ ಕೇಳಿ ಪಡೆಯಬಹುದು. ನನ್ನ ಮಾತು ಕೇಳಿದರೆ ಎರಡೂ ಇರಲಿ. ಪಾಲಿಸಿಯ ಮೊದಲ ಪುಟಗಳನ್ನು ಪ್ರಿಂಟ್ ತೆಗೆದು, ಮನೆಯಲ್ಲಿ ಪಹಣಿ, ರೇಷನ್ ಕಾರ್ಡ್ ಎಲ್ಲಿ ಇಡುತ್ತಾರೋ ಅದೇ ಪೆಟ್ಟಿಗೆಯಲ್ಲಿ ಇಡಿಸಿ. ಅದರ ಫೋಟೋ ನಾಮಿನಿಯ ಫೋನಿಗೂ ಹೋಗಲಿ. ಪಾಲಿಸಿ ಇದೆ ಅನ್ನುವುದೇ ಹೆಂಡತಿಗೆ ಗೊತ್ತಿಲ್ಲದ ಮನೆಗಳು ಬೇಕಾದಷ್ಟಿವೆ.

ಪಾಲಿಸಿ ಜೊತೆ ಬರುವ ಗ್ರಾಹಕ ಮಾಹಿತಿ ಹಾಳೆಯನ್ನು ಕನ್ನಡದಲ್ಲಿ ಕೇಳಿ, ಕೊಡಲೇಬೇಕು. ಪಾಲಿಸಿ ಕೈಗೆ ಬಂದ ಮೇಲೆ 30 ದಿನದೊಳಗೆ ಬೇಡ ಅಂತ ಹಿಂತಿರುಗಿಸುವ ಹಕ್ಕು ಇದೆ. ಅದನ್ನು ನೀವಾಗಿಯೇ ಹೇಳಿ, ಕಮಿಷನ್ ಹೋಗುತ್ತದೆ ಅಂತ ಮುಚ್ಚಿಡಬೇಡಿ. ಮೂರು ನಾಲ್ಕು ಪಾಲಿಸಿ ಇದ್ದವರಿಗೆ ಇ-ವಿಮಾ ಖಾತೆ ತೆರೆಸಿ, ಅದಕ್ಕೆ ದುಡ್ಡಿಲ್ಲ, ಎಲ್ಲವೂ ಒಂದೇ ಕಡೆ ಕಾಣುತ್ತವೆ.

ಐದು: ಕಂತು ನೆನಪಿಸುವುದು

ಮೆಸೇಜ್ ಕಳಿಸಿ, ಆಮೇಲೆ ಫೋನ್ ಮಾಡಿ. ಕಂತಿನ ದಿನ ದಾಟಿದ ಮೇಲೂ ತಿಂಗಳ ಕಂತಿಗೆ 15 ದಿನ, ಉಳಿದವಕ್ಕೆ 30 ದಿನ ಗಡುವು ಸಿಗುತ್ತದೆ. ದಿನಾ ಶುಭೋದಯದ ಚಿತ್ರ ಕಳಿಸುವ ಏಜೆಂಟ್ ಆ್ಯಪ್‌ಗಳಿಗೆ ತಿಂಗಳ ಬಾಡಿಗೆ ಕಟ್ಟಬೇಡಿ. ಜನ ಆ ಚಿತ್ರಗಳಿಗೆ ಬೇಸತ್ತು ನಿಮ್ಮ ನಂಬರನ್ನೇ ಮ್ಯೂಟ್ ಮಾಡುತ್ತಾರೆ, ಕಂತಿನ ಮೆಸೇಜೂ ಅದರಲ್ಲೇ ಮುಚ್ಚಿಹೋಗುತ್ತದೆ.

ಮೇ ತಿಂಗಳಲ್ಲಿ ಮಾತ್ರ ಎಲ್ಲರಿಗೂ ಒಂದು ಮಾತು ಹೇಳಿ. ಬ್ಯಾಂಕಿನಲ್ಲಿ ಮಾಡಿಸುವ ಪ್ರಧಾನಮಂತ್ರಿ ಜೀವನ ಜ್ಯೋತಿ ಜೀವ ವಿಮೆಗೆ 436 ರೂಪಾಯಿ, ಸುರಕ್ಷಾ ಅಪಘಾತ ವಿಮೆಗೆ 20 ರೂಪಾಯಿ ಆ ತಿಂಗಳ ಕೊನೆಗೆ ಖಾತೆಯಿಂದ ತಾನಾಗಿ ಕಡಿತ ಆಗುತ್ತದೆ. ಖಾತೆಯಲ್ಲಿ ಅಷ್ಟು ಇಲ್ಲದಿದ್ದರೆ ತಲಾ 2 ಲಕ್ಷದ ರಕ್ಷಣೆ ಸುಮ್ನೆ ಕೈತಪ್ಪುತ್ತದೆ. ನಿಮಗೆ ಇದರಲ್ಲಿ ಕಮಿಷನ್ ಇಲ್ಲದಿದ್ದರೂ ಹೇಳಿ.

ಆರು: ಕ್ಲೇಮ್

ಕ್ಲೇಮ್ ಅಂದ ಕೂಡಲೇ ಗಾಡಿ ಹತ್ತಿ ಹೋಗಿ. ಮೊಬೈಲಿನಿಂದ ಕಂಪನಿಗೆ ಸುದ್ದಿ ಮುಟ್ಟಿಸುವುದು ದಾರಿಯಲ್ಲೇ ಆಗಲಿ. ಉಳಿದದ್ದಕ್ಕೆ ನೀವು ಅಲ್ಲಿ ಇರಬೇಕು.

ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ (ಬಿಲ್ ಕಂಪನಿಯೇ ನೇರ ಕಟ್ಟುವುದು) ಆದರೆ ಇನ್ಶೂರೆನ್ಸ್ ಡೆಸ್ಕಿನವರು ಅರ್ಜಿ ಕಳಿಸಿದ ಗಂಟೆ ಬರೆದುಕೊಳ್ಳಿ. ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ ಮೊದಲ ಒಪ್ಪಿಗೆ ಬಗ್ಗೆ 1 ಗಂಟೆಯೊಳಗೆ, ಡಿಸ್ಚಾರ್ಜ್ ಒಪ್ಪಿಗೆ 3 ಗಂಟೆಯೊಳಗೆ ಕಂಪನಿ ತೀರ್ಮಾನ ಹೇಳಬೇಕು. ಗಂಟೆ ಬರೆದು ಇಟ್ಟವರ ಮಾತಿಗೆ ಅಲ್ಲಿ ತೂಕ ಬರುತ್ತದೆ.

ಗದ್ದೆಯಲ್ಲಿ ಹಾವು ಕಚ್ಚಿ ಸತ್ತರೆ ಸುರಕ್ಷಾ ವಿಮೆಯಲ್ಲಿ ಅದು ಅಪಘಾತದ ಲೆಕ್ಕ. ಆದರೆ ಕೂಡಲೇ ಆಸ್ಪತ್ರೆಗೆ ಹೋದ ದಾಖಲೆ ಬೇಕು. ನಾಟಿ ಔಷಧಿಗೆ ಓಡಿದರೆ ಜೀವಕ್ಕೂ ಕುತ್ತು, ದಾಖಲೆಯೂ ಇಲ್ಲ. ಭತ್ತದ ನಾಟಿ ಹಚ್ಚುವ ಮುಂಚೆಯೇ ಮನೆಮನೆಗೆ ಇದನ್ನು ಹೇಳಿ ಬನ್ನಿ. ಸಾವಿನ ನೋಂದಣಿ 21 ದಿನದೊಳಗೆ ಮಾಡಿಸಿ, ಆಮೇಲೆ ಓಡಾಟ ಜಾಸ್ತಿ. ಸಾವಾದ ಮನೆಯವರಿಗೆ ಆ್ಯಪ್ ಲಿಂಕ್ ಕಳಿಸಬೇಡಿ. ಕಾಗದದ ಕೆಲಸಕ್ಕೆ ಮೂರು ದಿನ ಬಿಟ್ಟು ಮತ್ತೆ ಹೋಗಿ, ಕೂತು, ನೀವೇ ಎಲ್ಲ ಜೋಡಿಸಿ, ಅಪ್‌ಲೋಡ್ ಮಾಡಿ, ಬಂದ ನಂಬರನ್ನು ಕಾಗದದ ಮೇಲೆ ಬರೆದು ಅವರ ಕೈಗೆ ಕೊಡಿ.

ಬೆಳೆ ವಿಮೆಯ ದಾರಿ ಬೇರೆ. ಆದರೂ ರೈತರು ನಿಮ್ಮನ್ನೇ ಕೇಳುತ್ತಾರೆ. ಆಲಿಕಲ್ಲು ಮಳೆ ಬಿದ್ದರೆ, ಇಲ್ಲವೇ ಕೊಯ್ದು ಹೊಲದಲ್ಲಿ ಒಣಗಲು ಹಾಕಿದ ಬೆಳೆ 14 ದಿನದೊಳಗೆ ಅಕಾಲ ಮಳೆಗೆ ಸಿಕ್ಕರೆ, 72 ಗಂಟೆಯೊಳಗೆ ತಿಳಿಸಬೇಕು. 14447ಕ್ಕೆ ಕರೆ ಮಾಡಿಸಿ, ರೈತ ಸಂಪರ್ಕ ಕೇಂದ್ರಕ್ಕೂ ಹೋಗಿ ಬರಲು ಹೇಳಿ. ವಿಮೆಯಲ್ಲಿ ತೊಗರಿ, ಬೆಳೆ ಸಮೀಕ್ಷೆಯಲ್ಲಿ ಹತ್ತಿ ಅಂತ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಎರಡರಲ್ಲೂ ಒಂದೇ ಬೆಳೆ ಇದೆಯಾ ಅಂತ ಮೊದಲೇ ನೋಡಿಸಿ.

ಏಳು: ಕಂಪನಿ ಇಲ್ಲ ಅಂದರೆ

ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಿಸಿ, ದೂರಿನ ನಂಬರ್ ಪಡೆಯಿರಿ. ಐಆರ್‌ಡಿಎಐನ 155255ಕ್ಕೆ ಕರೆ ಮಾಡಬಹುದು, ಬಿಮಾ ಭರೋಸಾ ತಾಣದಲ್ಲೂ ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ (ವಿಮೆ ದೂರು ವಿಚಾರಿಸಿ ತೀರ್ಮಾನ ಹೇಳುವ ಅಧಿಕಾರಿ) ಬಾಗಿಲು ತಟ್ಟಬಹುದು. 50 ಲಕ್ಷ ರೂಪಾಯಿವರೆಗಿನ ದೂರು ಅಲ್ಲಿ ನಡೆಯುತ್ತದೆ, ಶುಲ್ಕ ಇಲ್ಲ, ವಕೀಲರೂ ಬೇಡ. ಆದರೆ ಒಂದು ವರ್ಷದೊಳಗೆ ಹೋಗಬೇಕು. ದೂರನ್ನು ಆನ್‌ಲೈನ್ ಕಳಿಸಬಹುದು, ವಿಚಾರಣೆ ವಿಡಿಯೊ ಮೂಲಕವೂ ಆಗಬಹುದು. ಹಾಗಾದರೆ ಯಲಬುರ್ಗಾದಿಂದ ಬೆಂಗಳೂರಿಗೆ ಬಸ್ ಹತ್ತುವುದು ತಪ್ಪುತ್ತದೆ. ಆ ದಿನ ನಿಮ್ಮ ಆಫೀಸಿನ ಇಂಟರ್ನೆಟ್, ನಿಮ್ಮ ಕುರ್ಚಿ ಅವರಿಗೆ ಕೊಡಿ. ಮೊದಲ ದಿನ ಪೆನ್ನಿನಲ್ಲಿ ಬರೆದ ಆ ಹಾಳೆಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ, ಏನು ಕೇಳಿದ್ದಿರಿ, ಅವರು ಏನು ಹೇಳಿದ್ದರು ಅಂತ ತೋರಿಸಲು ಬೇಕಾಗುತ್ತದೆ.