ಲಿನಕ್ಸ್ ಡೆಸ್ಕ್‌ಟಾಪ್ ಜೋಡಿಸುವ ಮುಂಚೆ: ಡಬ್ಬಿ ಬಿಡಿ, ಚಿಪ್ ನೋಡಿ

ಲಿನಕ್ಸ್ ಹಾಕೋಕೆ ಅಂತಲೇ ಹೊಸ ಡೆಸ್ಕ್‌ಟಾಪ್ ಜೋಡಿಸುವವರು ಮೊದಲು ಒಂದು ವಿಷಯ ತಿಳಿದುಕೊಂಡಿರಬೇಕು. ಡಬ್ಬಿಯ ಮೇಲೆ ಯಾವ ಕಂಪನಿ ಹೆಸರಿದೆ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಒಳಗಿರುವ ಚಿಪ್ ಯಾವುದು ಅನ್ನೋದೇ ಮುಖ್ಯ. ಟಿಪಿ-ಲಿಂಕ್ ಕಂಪನಿಯ ಟಿಎಲ್-ಡಬ್ಲ್ಯುಎನ್722ಎನ್ ವೈಫೈ ಡಾಂಗಲ್ ತಗೊಳ್ಳಿ. ಮೊದಲ ವರ್ಷನ್ನಿನಲ್ಲಿ ಅಥೆರಾಸ್ ಚಿಪ್ ಇತ್ತು, ಲಿನಕ್ಸ್‌ನಲ್ಲಿ ಚುಚ್ಚಿದ ಕೂಡಲೇ ನಡೆಯುತ್ತದೆ. ಎರಡನೇ ವರ್ಷನ್ನಿನಿಂದ ರಿಯಲ್‌ಟೆಕ್ ಚಿಪ್ ಬಂತು, ಡ್ರೈವರ್ (ಪಾರ್ಟನ್ನು ನಡೆಸುವ ತಂತ್ರಾಂಶ) ಬೇರೆ, ತಾಪತ್ರಯವೂ ಬೇರೆ. ಮಾಡೆಲ್ ಹೆಸರು ಮಾತ್ರ ಅದೇ.

ಎರಡನೆಯದು ವಯಸ್ಸು. ಲಿನಕ್ಸ್‌ನಲ್ಲಿ ಬಹುತೇಕ ಡ್ರೈವರುಗಳು ಕರ್ನಲ್ ಜೊತೆಗೇ, ಅಂದರೆ ಲಿನಕ್ಸ್‌ನ ತಿರುಳಿನ ಜೊತೆಗೇ ಬರುತ್ತವೆ, ಹಾಗಾಗಿ ಕರ್ನಲ್ ಬಂದ ಮೇಲೆ ಹುಟ್ಟಿದ ಪಾರ್ಟು ಅದಕ್ಕೆ ಗೊತ್ತಿರುವುದಿಲ್ಲ. ಡೆಬಿಯನ್ ಅನ್ನೋದು ಲಿನಕ್ಸ್‌ನ ಒಂದು ಡಿಸ್ಟ್ರೋ, ಅಂದರೆ ಸಿದ್ಧ ರೂಪ. 2023ರಲ್ಲಿ ಬಂದ ಡೆಬಿಯನ್ 12ರಲ್ಲಿರುವುದು 6.1 ಕರ್ನಲ್. ಅದರ ಮೇಲೆ 2025ರ ಮಾರ್ಚ್‌ನಲ್ಲಿ ಬಂದ ಎಎಂಡಿ ಆರ್‌ಎಕ್ಸ್ 9070 ಕಾರ್ಡ್ ಹಾಕಿ, ಪರದೆ ಸರಿಯಾಗಿ ಬರ್ತಿಲ್ಲ ಅಂತ ಲಿನಕ್ಸನ್ನು ಬೈದರೆ ನ್ಯಾಯ ಅಲ್ಲ ಅಲ್ವಾ? ಡೆಬಿಯನ್ ತರಹ ಹೊಸ ಕರ್ನಲ್ ತರುವುದರಲ್ಲಿ ನಿಧಾನ ಮಾಡುವ ಡಿಸ್ಟ್ರೋ ಬೇಕು ಅಂದರೆ ಮಾರುಕಟ್ಟೆಗೆ ಬಂದು ವರ್ಷವಾದರೂ ಆಗಿರುವ ಪಾರ್ಟುಗಳನ್ನೇ ತಗೊಳ್ಳಿ, ದುಡ್ಡೂ ಉಳಿಯುತ್ತದೆ. ಹೊಚ್ಚ ಹೊಸದೇ ಬೇಕು ಅಂದರೆ ಹೊಸ ಕರ್ನಲ್ ಬೇಗ ತರುವ ಫೆಡೋರಾ ಅಥವಾ ಆರ್ಚ್ ಕಡೆ ಹೋಗಿ.

ಪ್ರೊಸೆಸರ್ ವಿಷಯದಲ್ಲಿ ತಲೆಬಿಸಿ ಇಲ್ಲ. ಇಂಟೆಲ್, ಎಎಂಡಿ ಎರಡೂ ಚೆನ್ನಾಗಿ ನಡೆಯುತ್ತವೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದೆ ಇರುವವರು ಮಾತ್ರ ಹುಷಾರು: ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ರೈಜೆನ್ 5600ರಲ್ಲೂ ಇಲ್ಲ, 5600ಜಿಯಲ್ಲಿ ಇದೆ.

ಗ್ರಾಫಿಕ್ಸ್ ಕಾರ್ಡ್ ಬೇಕಾದರೆ ನನ್ನ ಮಾತು ಕೇಳಿ, ಎಎಂಡಿ ತಗೊಳ್ಳಿ. ಅದರ ಡ್ರೈವರ್ ಕರ್ನಲ್ ಒಳಗೇ ಇದೆ, ಉಳಿದದ್ದು ಡಿಸ್ಟ್ರೋ ಜೊತೆಗೇ ಬರುವ ಮೆಸಾ ಅನ್ನುವ ಗ್ರಾಫಿಕ್ಸ್ ತಂತ್ರಾಂಶದಲ್ಲಿ ಬರುತ್ತದೆ, ನೀವು ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಎನ್‌ವಿಡಿಯಾ ಕೆಟ್ಟದ್ದು ಅಂತಲ್ಲ. ಮೆಷಿನ್ ಲರ್ನಿಂಗ್ ಕೆಲಸಕ್ಕೆ ಎನ್‌ವಿಡಿಯಾದ ಸ್ವಂತ ತಂತ್ರಾಂಶವಾದ ಕುಡಾ (CUDA) ಬೇಕೇ ಬೇಕು ಅನ್ನುವವರು ಅದನ್ನೇ ಕೊಳ್ಳಬೇಕಾಗುತ್ತದೆ. ಆದರೆ ಅದರ ಡ್ರೈವರನ್ನು ಬೇರೆಯಾಗಿ ಹಾಕಬೇಕು, ಕರ್ನಲ್ ಅಪ್‌ಡೇಟ್ ಆದಾಗೆಲ್ಲ ಅದೂ ಜೊತೆಗೆ ಹೊಂದಿಕೊಳ್ಳಬೇಕು, ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಡಿಜಿಟಲ್ ಸಹಿ ಮಾಡಿದ ಡ್ರೈವರ್ ಮಾಡ್ಯೂಲೇ ಬೇಕು. ಇಷ್ಟೆಲ್ಲ ಸುಮ್ನೆ ಯಾಕೆ ಮೈಮೇಲೆ ಹಾಕಿಕೊಳ್ಳಬೇಕು? ಎಎಂಡಿ ಕಾರ್ಡಿಗೆ 4ಕೆ 120 ಹರ್ಟ್ಸ್ ಮಾನಿಟರ್ ಹಾಕುವವರು ಡಿಸ್‌ಪ್ಲೇಪೋರ್ಟ್ ಇರುವುದನ್ನೇ ನೋಡಿ ತಗೊಳ್ಳಿ, ಯಾಕೆಂದರೆ ಅಷ್ಟು ವೇಗಕ್ಕೆ ಬೇಕಾದ ಎಚ್‌ಡಿಎಂಐ 2.1ಕ್ಕೆ ಎಎಂಡಿ ತಯಾರಿಸಿದ್ದ ಓಪನ್ ಸೋರ್ಸ್ ಡ್ರೈವರನ್ನು ಆ ಮಾನದಂಡ ನೋಡಿಕೊಳ್ಳುವ ಎಚ್‌ಡಿಎಂಐ ಫೋರಂ 2024ರಲ್ಲಿ ಒಪ್ಪಲಿಲ್ಲ.

ನಿಜವಾದ ತಲೆನೋವು ವೈಫೈ. ಡೆಸ್ಕ್‌ಟಾಪ್ ಇರುವ ಕಡೆಗೆ ಲ್ಯಾನ್ ಕೇಬಲ್ ಎಳೆಯಲು ಆಗುತ್ತದಾ ಅಂತ ಮೊದಲು ನೋಡಿ, ಆಗುವುದಾದರೆ ಎಳೆದುಬಿಡಿ. ಆಗಲ್ಲ ಅಂದರೆ ಅಗ್ಗದ ಯುಎಸ್‌ಬಿ ಡಾಂಗಲ್ ಕಡೆ ಹೋಗಬೇಡಿ, ಇಂಟೆಲ್ ಎಎಕ್ಸ್210 ಚಿಪ್ ಇರುವ, ಮದರ್‌ಬೋರ್ಡಿನ ಸ್ಲಾಟಿಗೆ ಚುಚ್ಚುವ ಪಿಸಿಐಇ ಕಾರ್ಡ್ ಕೇಳಿ. ಎಎಕ್ಸ್211 ಕೊಟ್ಟು "ಎರಡೂ ಒಂದೇ ಸಾರ್" ಅಂದರೆ ಒಪ್ಪಬೇಡಿ. ಅದು ಇಂಟೆಲ್ ಪ್ಲಾಟ್‌ಫಾರಂ ಜೊತೆ ಮಾತ್ರ ಕೆಲಸ ಮಾಡುವಂಥದ್ದು, ಎಎಂಡಿ ಬೋರ್ಡಿಗೆ ಹಾಕಿದರೆ ಪ್ರಯೋಜನವಿಲ್ಲ. ಮದರ್‌ಬೋರ್ಡಿನಲ್ಲೇ ವೈಫೈ ಇದ್ದರೆ ಅದು ಯಾವ ಚಿಪ್ ಅಂತ ಕಂಪನಿಯ ಸ್ಪೆಸಿಫಿಕೇಷನ್ ಪುಟದಲ್ಲಿ ಹುಡುಕಿ. ಮೀಡಿಯಾಟೆಕ್ ಎಂಟಿ7921 ಆದರೆ ಅದಕ್ಕೆ 5.12ರಿಂದ ಕರ್ನಲ್‌ನಲ್ಲೇ ಡ್ರೈವರ್ ಇದೆ.

ರ‍್ಯಾಮ್, ಎಸ್‌ಎಸ್‌ಡಿ, ಕ್ಯಾಬಿನೆಟ್ ಯಾವುದಾದರೂ ಸರಿ. ಪ್ರಿಂಟರ್ ಹಾಗಲ್ಲ. ನಮ್ಮ ಆಫೀಸುಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ ಜಾಸ್ತಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಗಟ್ಟಿ ಯಂತ್ರವೇ, ಆದರೆ ಅದು ಕ್ಯಾಪ್ಟ್ ಅನ್ನುವ ಕ್ಯಾನನ್‌ನ ಸ್ವಂತ ಭಾಷೆಯನ್ನು ಮಾತ್ರ ಬಲ್ಲದು, ಲಿನಕ್ಸ್‌ನಲ್ಲಿ ಅದರಿಂದ ಪ್ರಿಂಟ್ ತೆಗೆಯಲು ಒದ್ದಾಡಬೇಕು. ಹೊಸದು ಕೊಳ್ಳುವುದಾದರೆ ಏರ್‌ಪ್ರಿಂಟ್ ಅಥವಾ ಐಪಿಪಿ ಎವೆರಿವೇರ್ ಇದೆಯಾ ಅಂತ ನೋಡಿ. ಇದ್ದರೆ ಬೇರೆ ಡ್ರೈವರ್ ಬೇಕಿಲ್ಲ.

ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಅಂಗಡಿಯಲ್ಲೇ ಜೋಡಿಸಿ ಕೊಡುತ್ತಾರಲ್ಲ, ಆಗ ಜೇಬಲ್ಲಿ ಲೈವ್ ಉಬುಂಟು (ಇನ್‌ಸ್ಟಾಲ್ ಮಾಡದೆಯೇ ನಡೆಯುವ ಲಿನಕ್ಸ್) ಇರುವ ಪೆನ್‌ಡ್ರೈವ್ ಇಟ್ಟುಕೊಂಡು ಹೋಗಿ. "ಅಣ್ಣ, ಬಿಲ್ ಹಾಕೋ ಮುಂಚೆ ಒಂದ್ಸಲ ಇದರಿಂದ ಬೂಟ್ ಮಾಡಿ ನೋಡ್ತೀನಿ" ಅಂತ ಮೊದಲೇ ಹೇಳಿಡಿ. ವೈಫೈ ಪಟ್ಟಿ ಬರುತ್ತದಾ, ಹಾಡು ಕೇಳಿಸುತ್ತದಾ, ಸ್ಲೀಪ್‌ಗೆ ಹಾಕಿದರೆ ಎದ್ದು ಬರುತ್ತದಾ, ಇಷ್ಟು ನೋಡಿ. ಆಮೇಲೆ ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಕಮಾಂಡನ್ನು ಕೆ ಆಯ್ಕೆಯ ಜೊತೆ (lspci -k) ಓಡಿಸಿ. ಗ್ರಾಫಿಕ್ಸ್, ನೆಟ್‌ವರ್ಕ್, ಆಡಿಯೋ ಮೂರರ ಕೆಳಗೂ "ಕರ್ನಲ್ ಡ್ರೈವರ್ ಇನ್ ಯೂಸ್" ಅನ್ನುವ ಸಾಲು ಇರಬೇಕು. ಯಾವುದಕ್ಕೆ ಇಲ್ಲವೋ ಆ ಪಾರ್ಟನ್ನು ಅಲ್ಲೇ ಬದಲಾಯಿಸಿಕೊಂಡು ಬನ್ನಿ.