ಓದಿದ್ದು ತಲೆಯಲ್ಲಿ ನಿಲ್ಲಬೇಕಾ? ಪುಸ್ತಕ ಮುಚ್ಚಿ

ರಾಯಚೂರಿನಲ್ಲಿ ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವವರಿಗೆ ಒಂದು ಸಲಹೆ. ಒಂದೇ ಪುಟವನ್ನು ಮತ್ತೆ ಮತ್ತೆ ಓದಬೇಡಿ. ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಹಾಳೆಯಲ್ಲಿ ಬರೆಯಿರಿ. ಉದಾಹರಣೆಗೆ, ನಮ್ಮ ಮಸ್ಕಿ ಶಾಸನ ಪತ್ತೆಯಾಗಿದ್ದು ಯಾವ ವರ್ಷ? ಅದರಲ್ಲಿ ಅಶೋಕನ ಹೆಸರು ಸಿಕ್ಕಿದ್ದು ಯಾಕೆ ದೊಡ್ಡ ಸುದ್ದಿಯಾಯಿತು? ತಡಕಾಡಿದರೂ ಪರವಾಗಿಲ್ಲ, ನೆನಪು ಗಟ್ಟಿಯಾಗುವುದೇ ಆ ತಡಕಾಟದಲ್ಲಿ. ಆಮೇಲೆ ತೆಗೆದು ನೋಡಿ: 1915.

ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಇದನ್ನೇ ಪರೀಕ್ಷಿಸಿದ್ದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದೆ. ವಾರ ಕಳೆದ ಮೇಲೆ, ನೆನಪಿಸಿಕೊಂಡು ಬರೆದಿದ್ದವರು! ಓದುವಾಗ ಎಲ್ಲ ಗೊತ್ತು ಅನ್ನಿಸುತ್ತದೆ, ಅಲ್ವಾ? ಅದನ್ನು ನಂಬಬೇಡಿ. ಹೊಸ ವಿಷಯ ಮೊದಲ ದಿನವೇ ಜಾಸ್ತಿ ಮರೆತುಹೋಗುತ್ತದೆ. ಮರುದಿನ ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಬರೆದು ನೋಡಿ. ಪಕ್ಕದಲ್ಲಿ ಗೈಡು ತೆರೆದಿಡುವಂತಿಲ್ಲ, ಅಷ್ಟೇ.